ಮೊಣಕಾಲೆತ್ತರದ ಕಿಟಕಿ

ಮೋಡಗಳಿಗೂ ಮನುಷ್ಯರಿಗೂ ಇನ್ನೂ ಸಲಿಗೆ ಇದ್ದ ಕಾಲದಲ್ಲಿ ಒಬ್ಬ ರಾಜ ಆಕಾಶ ಮುಟ್ಟುವ ಅರಮನೆ ಕಟ್ಟಿಸಿದನಂತೆ. ಹತ್ತುವುದಕ್ಕೂ ಇಳಿಯುವುದಕ್ಕೂ ಒಂದೇ ದಾರಿ. ಒಂದು ದಿನ ಆ ದಾರಿಯಲ್ಲಿ ಹೊಗೆಯ ಹಾವು ಬಂದು ಮಲಗಿತು. ಮೇಲಿದ್ದ ಇಬ್ಬರು ಗೆಳತಿಯರಲ್ಲಿ ಒಬ್ಬಳು ಹಾವನ್ನು ದಾಟಿ ಬಂದಳು. ಇನ್ನೊಬ್ಬಳು ಬರಲಿಲ್ಲ. ಬದುಕಿದವಳ ಮುಂದೆ ಶಿಲ್ಪಿ ತಲೆ ತಗ್ಗಿಸಿ, "ಇನ್ನೊಂದು ದಾರಿ ಕಟ್ಟಿಕೊಡುತ್ತೇನೆ" ಎಂದು ಮಾತು ಕೊಟ್ಟ.

"ಆಮೇಲೆ?" ಎಂದು ನಾನು ಕೇಳುತ್ತಿದ್ದೆ.

"ಆಮೇಲಿನದು ಇನ್ನೂ ಆಗಿಲ್ಲ, ಮಲಗು" ಎನ್ನುತ್ತಿದ್ದಳು ಅಜ್ಜಿ.

ಆ ಅರಮನೆಗೊಂದು ವಿಳಾಸವಿದೆ ಎಂದು ನನಗೆ ಗೊತ್ತಾದದ್ದು ಒಂದು ಕಳ್ಳತನದಿಂದ.

ಪೇಟೆಯ ನಡುವಿನ ಹಳೆಯ ಆಫೀಸು ಗೋಪುರಕ್ಕೆ ಐವತ್ತು ತುಂಬುತ್ತಿತ್ತು. ಸಮಾರಂಭಕ್ಕೆಂದು ಕೆಳಗಿನ ಹಜಾರಕ್ಕೆ ಬಣ್ಣ ಹೊಡೆಯುವಾಗ, ಅಲ್ಲಿದ್ದ ಗಾಜಿನ ಪೆಟ್ಟಿಗೆಗೆ ಬಟ್ಟೆ ಹೊದಿಸಿದ್ದರು. ಬಣ್ಣ ಮುಗಿಯಿತು. ಬಟ್ಟೆ ಎಳೆದರು. ಗೋಪುರದ ಮರದ ಮಾದರಿ ಇರಲಿಲ್ಲ! ಬರೀ ಪೀಠ.

ಮಾದರಿಗೆ ವಿಮೆ ಇತ್ತು. ವಿಮಾ ಕಂಪನಿಗೆ ನಷ್ಟದ ತನಿಖೆ ಮಾಡುವವಳು ನನ್ನ ಚಿಕ್ಕಮ್ಮ. ನಾನು ಅವಳ ಚೀಲ ಹೊರುವವಳು.

"ಗಾಜು ಒಡೆದಿಲ್ಲ, ಬೀಗ ಮುರಿದಿಲ್ಲ. ಬಣ್ಣದೋರದ್ದೇ ಕೆಲಸ ಮೇಡಂ" ಎಂದ ಕಟ್ಟಡದ ಮ್ಯಾನೇಜರ್. "ನನ್ನ ಎದೆಮಟ್ಟ ಇತ್ತು. ನಾಲ್ಕು ಜನ ಸೇರದೆ ಎತ್ತೋಕಾಗಲ್ಲ. ಅವರ ಮೇಸ್ತ್ರೀನ ಮೇಲೆ ಸ್ಟೋರ್ ರೂಮಲ್ಲಿ ಕೂರಿಸಿದೀನಿ. ಸಂಜೆ ಪೊಲೀಸರಿಗೆ ಒಪ್ಪಿಸ್ತೀನಿ."

"ಓಡಿಹೋದ್ರೆ?"

"ಎಲ್ಲಿಗೆ? ಇಳಿಯೋಕೆ ಇರೋದೊಂದೇ ಮೆಟ್ಟಿಲು. ಲಿಫ್ಟ್ ಮುಂದೆ ನಾನಿದೀನಿ."

"ಪೆಟ್ಟಿಗೆಯ ಬೀಗದ ಕೈ ಯಾರ್ಯಾರ ಹತ್ರ ಇದೆ?"

"ಒಂದು ನನ್ನ ಹತ್ರ. ಇನ್ನೊಂದು ಈ ಕಟ್ಟಡದ ನಕ್ಷೆ ಬರೆದ ಯಜಮಾನ್ರ ಹತ್ರ. ಮಾದರಿಯ ಧೂಳು ಅವರೇ ಒರೆಸ್ಬೇಕು, ಬೇರೆಯವರ ಕೈ ತಾಗಬಾರದು."

"ಅವರು ಬಂದಿದ್ರಾ?"

"ದಿನಾ ಬರ್ತಿದ್ರು, ಬಣ್ಣ ನೋಡೋಕೆ. ಕೈಯಲ್ಲಿ ಕೋಲು, ಹೆಗಲಲ್ಲಿ ಚೀಲ." ಮ್ಯಾನೇಜರ್ ನಕ್ಕ. "ಎಂಬತ್ತು ದಾಟಿದೆ ಮೇಡಂ! ಗಾಳಿ ಬಂದ್ರೆ ಅವರನ್ನೇ ನಾವು ಹಿಡ್ಕೋಬೇಕು."

ಚಿಕ್ಕಮ್ಮ ಮಂಡಿಯೂರಿ ಪೀಠ ನೋಡಿದಳು. ಅದರ ಮೇಲೆ ಬೆರಳುದ್ದದ ಮರದ ಗೂಟಗಳು ನಿಂತಿದ್ದವು. ಒಂದೂ ಮುರಿದಿರಲಿಲ್ಲ.

"ಹೂಂ" ಎಂದಳು. ಅವಳ ಹೂಂಗೆ ಅರ್ಥ ಕೇಳಬಾರದು; ಕೇಳಿದರೆ ಚೀಲ ಭಾರವಾಗುತ್ತದೆ.

ಸ್ಟೋರ್ ರೂಮ್ ಕಟ್ಟಡದ ಹಿಂಬದಿಯಲ್ಲಿತ್ತು. ಮೇಸ್ತ್ರಿ ಮಡಿಸಿದ ಏಣಿಯ ಮೇಲೆ ಕೂತಿದ್ದ.

"ಕದಿಯೋದಾದ್ರೆ ಬಾಗಿಲಿನ ಹಿತ್ತಾಳೆ ಹಿಡಿಕೆ ಕದೀತಿದ್ದೆ ಅಮ್ಮಾ. ಮರದ ಆಟಿಕೆ ತಗೊಂಡು ಏನ್ ಮಾಡ್ಲಿ?" ಅವನು ಬೆರಳಿಗಂಟಿದ ಬಣ್ಣ ಕೆರೆದ. "ನಾಳೆಯಿಂದ ನಮಗೆ ಯಾರು ಕೆಲಸ ಕೊಡ್ತಾರೆ? ಕಳ್ಳ ಅನ್ನೋ ಹೆಸರು ಎಷ್ಟು ಬಣ್ಣ ಬಳಿದ್ರೂ ಮುಚ್ಚಲ್ಲ."

ನಾನು ಕಿಟಕಿ ನೋಡಲು ಹೋಗಿ ಮುಗ್ಗರಿಸಿದೆ. ಕಿಟಕಿ ನೆಲಕ್ಕೆ ಅಂಟಿಕೊಂಡಿತ್ತು. ಮೊಣಕಾಲಿಗೆ ಬರುವಷ್ಟರಲ್ಲಿ ಮುಗಿದೂ ಹೋಗಿತ್ತು!

"ಹಿಂದಿನ ಗೋಡೇಲಿ ಎಲ್ಲಾ ಮಹಡೀಲೂ ಹಿಂಗೇ" ಎಂದ ಮೇಸ್ತ್ರಿ. "ಬಣ್ಣ ಹೊಡೆಯೋಕೆ ಹೊಟ್ಟೆ ಮೇಲೆ ಮಲಗ್ಬೇಕು. ಇಲಿಗಳು ಅರ್ಜಿ ಹಾಕಿದ್ವೋ ಏನೋ."

ಚಿಕ್ಕಮ್ಮ ನಗಲಿಲ್ಲ. ಕೆಳಗಿನ ಮಹಡಿಗೆ ಇಳಿದು, ಅದೇ ಮೂಲೆಯ ಕೋಣೆಯಲ್ಲಿ ತಲೆಯೆತ್ತಿದಳು. ಆ ಕಿಟಕಿಯ ಉಳಿದರ್ಧ ಸೂರಿನ ಕೆಳಗೆ ಇಣುಕುತ್ತಿತ್ತು.

"ನಿಮ್ಮಜ್ಜಿ ಟೆಲಿಫೋನ್ ಆಪರೇಟರ್ ಆಗಿದ್ದಿದ್ದು ಎಲ್ಲಿ, ಗೊತ್ತೇನೇ?"

"ಇಲ್ಲ."

"ಈ ಗೋಪುರದಲ್ಲೇ. ನಡಿ, ಯಜಮಾನ್ರ ಮನೆಗೆ."

ಯಜಮಾನರು ತಾವೇ ಬಾಗಿಲು ತೆರೆದರು. ನಕ್ಷೆ ಬರೆಯುವ ಓರೆ ಮೇಜಿನ ಪಕ್ಕದಲ್ಲಿ, ಹಾಸಿಗೆಯ ಚಾದರದ ಕೆಳಗೆ, ಮೂರು ಗುಡ್ಡೆಗಳು.

"ತೆಗೀಲಾ? ನೀವೇ ತೆಗೀತೀರಾ?" ಎಂದಳು ಚಿಕ್ಕಮ್ಮ.

ಅವರು ಕುರ್ಚಿಯಲ್ಲಿ ಕುಸಿದರು. "ಹೇಗೆ ಗೊತ್ತಾಯ್ತು?"

"ಒಂದೇ ತುಂಡು ಅಂತ ಎಲ್ಲರೂ ನಂಬಿದ್ರು. ಪೀಠದ ಗೂಟ ಯಾರೂ ನೋಡ್ಲಿಲ್ಲ. ಗೂಟದ ಮೇಲೆ ಕೂರಿಸಿದ್ದನ್ನ ಎತ್ತಬಹುದು. ಗೋಪುರ ಮೇಲೆ ಹೋಗ್ತಾ ಎರಡು ಕಡೆ ಕಿರಿದಾಗುತ್ತೆ — ಆ ಅಂಚುಗಳ ಅಡಿಯಲ್ಲೇ ಜೋಡಣೆ, ಅಲ್ವಾ? ಅಂದ್ರೆ ಮೂರು ತುಂಡು, ಒಳಗೆ ಟೊಳ್ಳು, ಹಗುರ. ದಿನಕ್ಕೊಂದು, ಇದೇ ಚೀಲದಲ್ಲಿ. ಬಟ್ಟೆ ಹೊದಿಸಿದ್ದು ಗಾಜಿನ ಮೇಲೆ. ಒಳಗೆ ಖಾಲಿಯಾದ್ರೂ ಕುಸಿಯಲ್ಲ. ನೀವು ಅದರೊಳಗೆ ತಲೆ ಹಾಕಿದ್ರೆ, ಧೂಳು ಒರೆಸ್ತಿದೀರಿ ಅಂತ ಎಲ್ಲರೂ ಸುಮ್ಮನಿದ್ರು."

"ನಂದೇ ಮಾದರಿ ನಾನ್ಯಾಕೆ ಕದೀಲಿ?"

"ಆ ಕಿಟಕಿಗಳಿಗೋಸ್ಕರ. ಕೋಣೆಗೆ ಯಾರೂ ಮೊಣಕಾಲೆತ್ತರದಲ್ಲಿ ಕಿಟಕಿ ಇಡಲ್ಲ. ಎರಡು ಮಹಡಿಗಳ ನಡುವೆ ಕಿಟಕಿ ಬೇಕಾಗೋದು ಮೆಟ್ಟಿಲು ತಿರುಗೋ ಜಾಗಕ್ಕೆ. ಅಲ್ಲಿ ಎರಡನೇ ಮೆಟ್ಟಿಲು ಇರಬೇಕಿತ್ತು. ಗೋಪುರದಲ್ಲಿ ಇಲ್ಲ. ಮಾದರಿಯಲ್ಲಿ ಇದೆ."

ಅವರು ಚಾದರ ಸರಿಸಿ, ನಡುವಿನ ತುಂಡಿನ ಹಿಂದಿನ ಹಲಗೆ ಬಿಚ್ಚಿದರು. ಒಳಗೆ ಬೆಂಕಿಕಡ್ಡಿ ದಪ್ಪದ ಮೆಟ್ಟಿಲುಗಳು. ಪ್ರತಿ ತಿರುವಿಗೊಂದು ಪುಟ್ಟ ಕಿಟಕಿ.

"ಗೋಪುರದ ಹೊರಗೋಡೆಯ ಕಾಂಕ್ರೀಟ್ ಹಲಗೆಗಳನ್ನ ಕಿಟಕಿ ಸಮೇತ ಎರಕ ಹೊಯ್ದಾಗಿತ್ತು. ಆಮೇಲೆ ಮಾಲೀಕರು ಅಂದ್ರು — ಇನ್ನೊಂದು ಮೆಟ್ಟಿಲು ಯಾಕೆ, ಅಷ್ಟು ಜಾಗ ಬಾಡಿಗೆಗೆ ಬರುತ್ತಲ್ಲ? ಅಳಿಸಿದೆ. ಒಂದು ರಬ್ಬರು, ಒಂದು ಮಧ್ಯಾಹ್ನ. ಅಷ್ಟೇ." ಅವರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ಹೊಗೆ ತುಂಬಿದ ದಿನ ಒಬ್ಬ ಹುಡುಗಿ ಇಳಿಯಲಿಲ್ಲ. ಈಗ ನನ್ನನ್ನ ಈ ಮಾದರಿಯ ಪಕ್ಕ ನಿಲ್ಲಿಸಿ ಸನ್ಮಾನ ಮಾಡ್ತಾರಂತೆ. ಹೇಗಮ್ಮಾ ನಿಲ್ಲಲಿ?"

"ಬಣ್ಣದ ಮೇಸ್ತ್ರೀನ ಕೂಡಿ ಹಾಕಿರೋದು ಗೊತ್ತಿತ್ತಾ?"

"...ಗೊತ್ತಿತ್ತು."

"ಅವತ್ತಿನ ತಪ್ಪು ಮಾಲೀಕರು ಹೇಳಿ ಮಾಡಿಸಿದ್ದು. ಇದನ್ನ ಯಾರು ಹೇಳಿ ಮಾಡಿಸಿದ್ರು?"

ಅವರು ಕೋಲಿಗಾಗಿ ತಡಕಾಡಿದರು. ನಾನು ಎತ್ತಿಕೊಟ್ಟೆ. ಕೊಡುವಾಗ ಬಾಯಿಂದ ತಾನಾಗಿ ಬಂತು:

"ಆಮೇಲೆ?"

"ಏನು ಮಗೂ?"

"ಬದುಕಿದ ಹುಡುಗಿಗೆ ಮಾತು ಕೊಟ್ಟಿದ್ರಿ. ಅವಳ ಮೊಮ್ಮಗಳು ನಾನು. ಅಜ್ಜಿ ಇನ್ನೂ ಕಥೆ ಮುಗಿಸಿಲ್ಲ."

ಅವರ ಮುಖ ಚಾದರದಷ್ಟೇ ಬಿಳಿಯಾಯಿತು. "ಅವರು ಇನ್ನೂ ಇದಾರಾ?" ಎಂದರು. ನಾನು ಹೌದೆಂದು ತಲೆಯಾಡಿಸಿದೆ. "ನಡೀರಿ. ಮೊದಲು ಮೇಸ್ತ್ರಿ."

ಪೊಲೀಸರು ಬರುವ ಮೊದಲೇ ಸ್ಟೋರ್ ರೂಮಿನ ಬಾಗಿಲು ತೆರೆಯಿತು. ಯಜಮಾನರು ಎಲ್ಲರೆದುರು ಕೈ ಮುಗಿದಾಗ ಮೇಸ್ತ್ರಿ, "ಬಿಡಿ ಸ್ವಾಮಿ, ಮೊದಲು ನನ್ನ ಹುಡುಗ್ರಿಗೂ ಇದನ್ನೇ ಹೇಳಿ" ಎಂದ. ಹೇಳಿದರು.

ಸಮಾರಂಭದಲ್ಲಿ ಅವರು ಸನ್ಮಾನದ ಶಾಲು ಹೊದೆಯಲಿಲ್ಲ. ಮಾದರಿಯನ್ನು ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿ, ಹಲಗೆ ಬಿಚ್ಚಿ, ಎಲ್ಲವನ್ನೂ ಹೇಳಿದರು. ಮಾರನೆಯ ದಿನ ಮೇಲಿನ ಮಹಡಿಗಳ ಆಫೀಸಿನವರು ಲಿಫ್ಟ್ ಹತ್ತಲೇ ಇಲ್ಲ; ಇನ್ನೊಂದು ಮೆಟ್ಟಿಲು ಆಗುವವರೆಗೆ ಮೇಲೆ ಬರುವುದಿಲ್ಲ ಎಂದರು. ಮಾಲೀಕರ ಮಗ ಒಂದಷ್ಟು ದಿನ ಹಲ್ಲು ಕಡಿದ. ಆಮೇಲೆ ಸ್ಟೋರ್ ರೂಮುಗಳ ನೆಲ ಕೊರೆಯುವ ಸದ್ದು ಶುರುವಾಯಿತು.

ಮೆಟ್ಟಿಲು ಮುಗಿದ ಬೆಳಿಗ್ಗೆ ಅಜ್ಜಿಯನ್ನು ಲಿಫ್ಟಿನಲ್ಲಿ ಮೇಲಕ್ಕೆ ಕರೆದೊಯ್ದೆವು. ಮೊದಲ ತಿರುವಿನಲ್ಲಿ ಯಜಮಾನರು ಗೋಡೆ ಹಿಡಿದು ನಿಂತಿದ್ದರು. ಕಿಟಕಿ ಈಗ ಸರಿಯಾಗಿ ಕಣ್ಣೆತ್ತರಕ್ಕಿತ್ತು.

"ತಡವಾಯ್ತು" ಎಂದರು.

"ತಡವಾಯ್ತು" ಎಂದಳು ಅಜ್ಜಿ. ಪರವಾಗಿಲ್ಲ ಎನ್ನಲಿಲ್ಲ. ಕಿಟಕಿಯ ಚೌಕಟ್ಟನ್ನು ಒಮ್ಮೆ ಸವರಿ, ಪಕ್ಕದಲ್ಲಿ ಇನ್ನೊಬ್ಬರು ಇಳಿಯುವಷ್ಟು ಜಾಗ ಬಿಟ್ಟು, ಇಳಿಯತೊಡಗಿದಳು. ತಿರುವಿಗೊಮ್ಮೆ ಕೂತು ದಣಿವಾರಿಸಿಕೊಂಡಳು. ಕೆಳಗಿನ ಬಾಗಿಲನ್ನು ತಾನೇ ತಳ್ಳಿದಳು. ಬೀದಿ, ಬಿಸಿಲು.

"ಆಮೇಲೆ?" ಎಂದೆ.

"ಆಮೇಲೇನು," ಎಂದಳು ಅಜ್ಜಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಅವಳು ಇಳಿದು ಮನೆಗೆ ಹೋದಳು."