ನಲವತ್ತನೆಯ ಪಾಠ

"ನನ್ನ ಪಾಠಕ್ಕೆ ಕತ್ತರಿ ಹಾಕೋಕೆ ನಿಮಗೆ ಯಾರು ಹೇಳಿದ್ದು?"

ಗಣಿತದ ಟೀಚರ್ ರೆಕಾರ್ಡಿಂಗ್ ಕೋಣೆಗೆ ನುಗ್ಗಿದ ರಭಸಕ್ಕೆ ಕ್ಯಾಮೆರಾದವನು ಹೆಡ್‌ಫೋನ್ ಕಿತ್ತು ಎದ್ದು ನಿಂತ.

"ನಾನಲ್ಲ ಮೇಡಂ, ಸಾಫ್ಟ್‌ವೇರು. ಮಾತಿಲ್ಲದ ಕಡೆ ತಾನೇ ಕತ್ತರಿಸುತ್ತೆ."

"ಪ್ರಶ್ನೆ ಕೇಳಿ ಸುಮ್ಮನಿರ್ತೀನಲ್ಲ, ಅದು ಮಕ್ಕಳು ಯೋಚಿಸೋ ಹೊತ್ತು. ಅದನ್ನೇ ತೆಗೆದ್ರೆ ಇನ್ನೇನು ಉಳೀತು?"

ಅವನು ಎರಡು ದಿನ ಕೂತು ಅಷ್ಟನ್ನೂ ಮತ್ತೆ ಸೇರಿಸಿದ. ಮುಂದಿನ ರೆಕಾರ್ಡಿಂಗಿಗೆ ಕ್ಯಾಮೆರಾದ ಪಕ್ಕದಲ್ಲೇ ನೋಟ್‌ಬುಕ್ ಹಿಡಿದು ಕುಳಿತ.

"ಕ್ಯಾಮೆರಾ ಗಾಜಿಗೆ ಪಾಠ ಹೇಳೋದು ಕಷ್ಟ ಅಲ್ವಾ? ನನಗೆ ಹೇಳಿ. ಗಣಿತದಲ್ಲಿ ಮೂರು ಸಲ ಡುಮ್ಕಿ ಹೊಡೆದವನು ನಾನು."

ನಗಬಾರದು ಅಂದುಕೊಂಡೇ ಅವಳು ನಕ್ಕಳು. ಅವನ ಹುಬ್ಬು ಗಂಟಾದರೆ ಲೆಕ್ಕವನ್ನು ಇನ್ನೊಮ್ಮೆ ಬಿಡಿಸುತ್ತಿದ್ದಳು. ಅರ್ಥವಾದಾಗ ಅವನ ಕಣ್ಣು ಅರಳುವುದನ್ನು ನೋಡಲು ಕಾಯುತ್ತಿದ್ದಳು.

ಹತ್ತಿರದಲ್ಲಿ ಶಾಲೆಯೇ ಇಲ್ಲದ ಮಕ್ಕಳಿಗೂ ಆ ಪಾಠಗಳು ಫೋನಿನಲ್ಲಿ ತಲುಪುತ್ತಿದ್ದವು. ಆಸ್ಪತ್ರೆಯ ಹಾಸಿಗೆಯಿಂದ ಒಬ್ಬ ಹುಡುಗಿ ಬರೆದಿದ್ದಳು: 'ಟೀಚರ್, ಭಿನ್ನರಾಶಿ ಕೊನೆಗೂ ತಲೆಗೆ ಹತ್ತಿತು.' ಆ ಹುಡುಗಿಯ ಮುಖ ಹೇಗಿದೆಯೋ, ಟೀಚರ್‌ಗೆ ಗೊತ್ತಿಲ್ಲ. ತನ್ನ ಅಮ್ಮ ತೀರಿಹೋದ ಮೇಲೆ ಟೀಚರ್‌ಗೆ ಮನೆಯಲ್ಲಿ ಮಾತಾಡಿಸಲು ಗೋಡೆಗಳೇ ಗತಿ. ಇಡೀ ದಿನದಲ್ಲಿ ಅವಳು ಕಣ್ತುಂಬ ನೋಡುತ್ತಿದ್ದದ್ದು ಅವನೊಬ್ಬನ ಮುಖವನ್ನು. ಇದ್ದದ್ದು ಒಟ್ಟು ನಲವತ್ತು ಪಾಠ; ಅವು ಮುಗಿದರೆ ಅದೂ ಇಲ್ಲ.

ನಲವತ್ತನೆಯದು ಮುಗಿದ ದಿನ ಅವನು ತಲೆ ಕೆರೆದುಕೊಂಡ. "ಆಡಿಯೋ ಬಂದಿಲ್ಲ ಮೇಡಂ. ನಾಳೆ ಮತ್ತೆ ತೆಗೀಬೇಕು."

ಮರುದಿನವೂ ಅದೇ ರಾಗ. ಮೂರನೆಯ ದಿನ ರೆಕಾರ್ಡಿಂಗ್ ಮುಗಿದದ್ದೇ ಅವಳು ಹೆಡ್‌ಫೋನ್ ಇಸಿದುಕೊಂಡು ತಾನೇ ಕೇಳಿದಳು. ಮೂರೂ ಸಲದ ಪಾಠ ಒಂದಕ್ಷರವೂ ತಪ್ಪದೆ ಕೇಳಿಸಿತು.

"ಚೆನ್ನಾಗೇ ಇದೆಯಲ್ರೀ!"

ಅವನು ನೆಲ ನೋಡಿದ. "ಮುಗಿದ್ರೆ ನೀವು ಬರಲ್ವಲ್ಲ. ನೀವಿಲ್ಲದೆ ಈ ಕೋಣೇಲಿ ನನಗೆ ಕೂರೋಕಾಗಲ್ಲ."

ಅವಳ ಎದೆ ಡವಡವ ಅಂದಿತು. ಜೊತೆಗೆ ಸಿಟ್ಟೂ ಬಂತು.

"ಪರೀಕ್ಷೆಗೆ ನಾಲ್ಕೇ ದಿನ ಇದೆ. ಮಕ್ಕಳು ಈ ಪಾಠಕ್ಕೆ ಕಾಯ್ತಿದ್ದಾರೆ. ಮೊದಲು ಅಪ್‌ಲೋಡ್ ಮಾಡಿ."

ಪೆಚ್ಚುಮೋರೆ ಹಾಕಿಕೊಂಡು ಅವನು ಬಟನ್ ಒತ್ತಿದ. ಪಾಠ ಹೋಯಿತು. ಲೈಟುಗಳನ್ನು ಒಂದೊಂದಾಗಿ ಆರಿಸಿ, ಅವಳಿಗಾಗಿ ಬಾಗಿಲು ತೆರೆದು ಹಿಡಿದ. ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

"ಇನ್ನೇನಾದ್ರೂ ಕೆಲಸ ಇದ್ಯಾ ಮೇಡಂ?"

"ಏನೂ ಇಲ್ಲ," ಅಂದಳು. "ಕೆಲಸ ಇಲ್ಲದೇನೂ ನಾನು ಬಂದು ಕೂರಬಹುದು ಅಂತ ನಿಮಗೆ ಹೊಳೀಲೇ ಇಲ್ವಲ್ಲ. ಅದಕ್ಕೇ ಕೂತಿದ್ದೀನಿ."