ಒಬ್ರಾದ್ ಮುಟ್ಟದ ಲೋಟ

"ಕ್ಷಮಿಸಿ ಮಾವ... ನಾನು ಕುಡಿಯಲ್ಲ."

ವಿದಾ ಮುಂದೆ ಹಿಡಿದಿದ್ದ ತಟ್ಟೆಯನ್ನು ಒಬ್ರಾದ್ ಮೆಲ್ಲಗೆ ಹಿಂದಕ್ಕೆ ಸರಿಸಿದ. ತಟ್ಟೆಯ ಮೇಲಿದ್ದ ಆ ಪುಟ್ಟ ಲೋಟದಲ್ಲಿ ಇದ್ದದ್ದು ಅಂತಿಂಥ ರಾಕಿಯಾ ಅಲ್ಲ! ಅವಳು ಹುಟ್ಟಿದ ವರ್ಷ ಅಪ್ಪ ತಿಹೋಮಿರ್ ತನ್ನ ತೋಟದ ಪ್ಲಮ್ ಹಣ್ಣಿನಿಂದ ಬಟ್ಟಿ ಇಳಿಸಿ, ಮಗಳನ್ನು ಕೇಳಲು ಬರುವ ಗಂಡಿಗೆಂದೇ ಮೂವತ್ನಾಲ್ಕು ವರ್ಷ ಪೀಪಾಯಿಯಲ್ಲಿ ಕಾಪಾಡಿಕೊಂಡು ಬಂದದ್ದು. ಅದನ್ನು ಕುಡಿದರೆ ಮಾತು ಕೊಟ್ಟಂತೆ. ಬೇಡವೆಂದರೆ... ಹುಡುಗಿಯೇ ಬೇಡವೆಂದಂತೆ. ವಾಲ್ಯೆವೊ ಪೇಟೆಯ ಸುತ್ತಿನ ಹಳ್ಳಿಗಳಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

"ಒಂದು ಗುಟುಕು?" ಅಪ್ಪ ಹುಬ್ಬು ಗಂಟಿಕ್ಕಿದ.

"ಒಂದು ಹನೀನೂ ಬೇಡ. ಆರು ತಿಂಗಳು ಟೈಮ್ ಕೊಡಿ, ಆಮೇಲೆ ಮದುವೆ ಮಾತಾಡೋಣ."

"ಟೈಮಾ? ಇದೇನು ಲಾರಿ ರಿಪೇರಿನಾ? ಎದ್ದೇಳಯ್ಯ, ಬಾಗಿಲು ಅಲ್ಲಿದೆ!"

ಒಬ್ರಾದ್ ವಿದಾಳತ್ತ ನೋಡಿದ. ತಲೆ ತಗ್ಗಿಸಿ ಹೊರಟೇಬಿಟ್ಟ.

ಒಂದು ವರ್ಷದ ಪ್ರೀತಿ! ಲಾರಿ ಓಡಿಸುವ ಈ ನಲವತ್ತೊಂದರ ಗಂಡಸು ಹಣ್ಣಿನ ಬುಟ್ಟಿ ಹೊತ್ತು ಅವರ ಬಟ್ಟಿಮನೆಗೆ ಬಂದ ದಿನದಿಂದ ಅವಳ ಮನಸ್ಸು ಅವಳ ಹತ್ತಿರ ಇರಲೇ ಇಲ್ಲ. ಹಾಗಾದರೆ ಅದೆಲ್ಲ ಸುಳ್ಳೇ? ವಿದಾ ಅಡುಗೆಮನೆಗೆ ಓಡಿ ಬಿಕ್ಕಿಬಿಕ್ಕಿ ಅತ್ತಳು.

ಚಳಿಗಾಲ ಕಳೆಯಿತು. ಪ್ಲಮ್ ಮರಗಳು ಹೂಬಿಟ್ಟವು. ಪಕ್ಕದ ಮನೆಯ ಸ್ತಾಮೆಂಕಾಳ ಬಾಯಿ ಮಾತ್ರ ಒಂದು ದಿನವೂ ಮುಚ್ಚಲಿಲ್ಲ.

"ನಿನ್ನ ಒಬ್ರಾದ್ ರಾತ್ರಿ ಲಾರಿ ಓಡಿಸೋದು ಬಿಟ್ಟನಂತೆ ಕಣೇ! ಹಗಲು ಮರದ ಮಿಲ್ಲಲ್ಲಿ ಕೆಲಸ. ಹೊಟ್ಟೆ ಕರಗಿಸಿ ಮದುಮಗನ ಥರ ಆಗಿದಾನೆ. ಪೇಟೆಗೆ ಬೇರೆ ಪದೇಪದೇ ಹೋಗ್ತಾನೆ. ಯಾವಳೋ ಇದಾಳೆ ನೋಡು!"

ಆ ಮಾತು ಎದೆಗೇ ಚುಚ್ಚಿತು. ಮರುದಿನ ಬೆಳಗ್ಗೆಯೇ ವಿದಾ ಅವನ ಮನೆಯಿದ್ದ ಗುಡ್ಡ ಹತ್ತಿದಳು.

ಒಬ್ರಾದ್ ಹೆಗಲ ಮೇಲೆ ಕಲ್ಲು ಹೊತ್ತು, ಕುಸಿದಿದ್ದ ತೋಟದ ಗೋಡೆ ಕಟ್ಟುತ್ತಿದ್ದ. ಮೈಯೆಲ್ಲ ಬೆವರು. ನಿಜಕ್ಕೂ ಹತ್ತು ವರ್ಷ ಚಿಕ್ಕವನಂತೆ ಕಾಣುತ್ತಿದ್ದ, ಹಾಳಾದವನು!

"ಯಾರವಳು?"

"ಯಾರು?"

"ಯಾರಿಗೋಸ್ಕರ ಈ ಶೋಕಿ? ಹೇಳು, ನಾನು ನೆಮ್ಮದಿಯಾಗಿ ಅತ್ತು ಮುಗಿಸ್ತೀನಿ!"

ಅವನು ಕಲ್ಲು ಕೆಳಗಿಳಿಸಿದ. ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಕೊಟ್ಟ.

"ಟೆಸ್ಟೋಸ್ಟೆರಾನ್... ಗಂಡಸಿನ ಹಾರ್ಮೋನು. ನನಗೆ ಅದು ಕಮ್ಮಿ ವಿದಾ. ಎರಡು ಸಲ ಬೆಳಗ್ಗೆ ರಕ್ತ ಕೊಟ್ಟೆ, ಎರಡು ಸಲಾನೂ ಕಮ್ಮಿ. ನಿಮ್ಮನೆಗೆ ಬರೋಕೆ ಎರಡು ದಿನ ಮುಂಚೆ ಗೊತ್ತಾಯ್ತು. ಹನ್ನೆರಡು ವರ್ಷ ರಾತ್ರಿ ಲಾರಿ. ನಿದ್ದೆ ಇಲ್ಲ, ಆ ಹೊಟ್ಟೆ ಬೇರೆ, ದಿನಾ ಕುಡಿತ. ಯಾವಾಗಲೂ ಸುಸ್ತು, ಯಾವುದರಲ್ಲೂ ಆಸೆ ಇಲ್ಲ... ನಿನ್ನ ಪಕ್ಕ ಕೂತರೂ ಭಯ ಆಗ್ತಿತ್ತು."

"ಅದಕ್ಕೆ ಇಂಜೆಕ್ಷನ್ ಇಲ್ವಾ?"

"ಇದೆ. ಆದರೆ ಮಗು ಬೇಕು ಅನ್ನೋರಿಗೆ ಅದು ಸರಿಹೋಗಲ್ಲ ಅಂದ್ರು ಡಾಕ್ಟರಮ್ಮ. ಮೊದಲು ನಿದ್ದೆ ಮಾಡು, ತೂಕ ಇಳಿಸು, ಭಾರ ಎತ್ತು, ಕುಡಿಯೋದು ಬಿಡು ಅಂದ್ರು. ನೀನು ಎರಡು ಮಕ್ಕಳಾದ್ರೂ ಬೇಕು ಅಂದಿದ್ದೆಯಲ್ಲ..."

ವಿದಾ ಹಾಳೆಯನ್ನು ಮೊದಲಿನಂತೆ ಮಡಿಸಿ ಅವನ ಜೇಬಿಗೇ ಇಟ್ಟಳು. ಮೈ ಕೆಟ್ಟರೆ ಇನ್ನೊಂದು ಲೋಟ ರಾಕಿಯಾ ಕುಡಿದು ಮಲಗುವ ಗಂಡಸರನ್ನೇ ಅವಳು ನೋಡಿ ಬೆಳೆದದ್ದು. ಇವನೊಬ್ಬ ಹೆದರಿದರೂ ಹೋಗಿ ರಕ್ತ ಕೊಟ್ಟಿದ್ದ. ಊರಿಡೀ ಆಡಿಕೊಳ್ಳುತ್ತಿದ್ದರೂ ಕಲ್ಲು ಹೊತ್ತಿದ್ದ. ಇದಕ್ಕಿಂತ ದೊಡ್ಡ ಗಂಡಸುತನ ಇನ್ಯಾವುದು?

"ನನಗೊಬ್ಬಳಿಗೆ ಹೇಳಬಾರದಿತ್ತೇನೋ ಪೆದ್ದ?"

"ನಾಚಿಕೆ ಆಯ್ತು. ನಾಳೆ ಮತ್ತೆ ಪರೀಕ್ಷೆ ಇದೆ. ಚೆನ್ನಾಗಿ ಬಂದ್ರೆ ನಿಮ್ಮನೆಗೆ ಬರೋಣ ಅಂತ..."

"ನಾಳೆ ಅಲ್ಲ. ಈಗಲೇ ನಡಿ!"

ಅವನನ್ನು ಕಂಡಿದ್ದೇ ತಿಹೋಮಿರ್ ಕುರ್ಚಿಯಿಂದ ದಡಬಡಿಸಿ ಎದ್ದ. ವಿದಾ ಅಡ್ಡ ನಿಂತಳು. ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದಳು.

"ಅಪ್ಪ, ಅವನು ನನ್ನನ್ನ ಬೇಡ ಅನ್ನಲಿಲ್ಲ. ನನಗೋಸ್ಕರ ನಿನ್ನ ರಾಕಿಯಾ ಬೇಡ ಅಂದ."

ಮುದುಕ ಮಗಳನ್ನು ದಾಟಿ ಒಳಗೆ ನಡೆದ. ಪೀಪಾಯಿಯ ಬಿರಡೆಯನ್ನು ಗಟ್ಟಿಯಾಗಿ ಬಡಿದು ಮುಚ್ಚಿದ.

"ಇಷ್ಟು ವರ್ಷ ಕಾದಿದೆ, ಇನ್ನೂ ಕಾಯ್ತದೆ ಬಿಡು." ಬಾಗಿಲ ಬಳಿ ನಿಂತು, ತನ್ನ ಹೊಟ್ಟೆ ಸವರಿಕೊಂಡು, ಮೆಲ್ಲಗೆ ಕೇಳಿದ. "ಆ ಡಾಕ್ಟರಮ್ಮ... ಯಾವ್ಯಾವ ದಿನ ಸಿಗ್ತಾರೆ?"

ವಿದಾ ಅದೇ ತಟ್ಟೆಯನ್ನು ತಂದಳು. ಅದರ ಮೇಲೆ ಒಂದು ಚಮಚ ಪ್ಲಮ್ ಹಣ್ಣಿನ ಪಾಕ, ಅದೇ ಪುಟ್ಟ ಲೋಟದ ತುಂಬ ಬಾವಿಯ ನೀರು.

ಒಬ್ರಾದ್‌ನ ಕೈ ಲೋಟದ ಹತ್ತಿರ ಬಂದು ನಿಂತಿತು.

"ನಾಳೆ ಕಮ್ಮೀನೇ ಬಂದ್ರೆ?"

"ಕಲ್ಲು ಎತ್ತೋಕೆ ಇನ್ನೆರಡು ಕೈ ಸಿಕ್ತು ಅಂದ್ಕೋ."

ಅವನ ಕಣ್ಣು ತುಂಬಿ ಬಂತು. ಲೋಟ ಎತ್ತಿ ಗಟಗಟನೆ ಕುಡಿದ... ಒಂದು ಹನಿಯನ್ನೂ ಬಿಡಲಿಲ್ಲ!

"ಬೆಳಗ್ಗೆ ನಾನೂ ಬರ್ತೀನಿ ಆಸ್ಪತ್ರೆಗೆ" ಅಂದಳು ವಿದಾ.

"ಖಾಲಿ ಹೊಟ್ಟೇಲಿ ಹೋಗಬೇಕು ಕಣೇ..."

"ಹಾಗಾದ್ರೆ ನಾನೂ ಏನೂ ತಿನ್ನಲ್ಲ. ವಾಪಸ್ ಬರ್ತಾ ಇಬ್ಬರೂ ಒಟ್ಟಿಗೇ ತಿನ್ನೋಣ."