ನೆಕ್ಕಿದ ಕುಂಚ

"ಆ ಬಾಟಲಿ ಮುಟ್ಬೇಡ. ಮುಟ್ಟಿದ್ರೂ ಕುಂಚ ಮಾತ್ರ ಬಾಯಿಗಿಡ್ಬೇಡ ತಾಯಿ, ನಿನ್ನ ದಮ್ಮಯ್ಯ."

ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟ ಮುದುಕಿ ಹೊಸ್ತಿಲಾಚೆಯೇ ನಿಂತು ಹೇಳಿದಳು. ಅದು ಅವಳ ಸತ್ತ ಗಂಡ ಚಿತ್ರ ಬರೆಯುತ್ತಿದ್ದ ಕೋಣೆ. ಹಾಗಂತ ಜನರ ನಂಬಿಕೆ. ನಿಜಕ್ಕೂ ಬರೆದವನು ಅವಳ ಮೈದುನ, ಕೆಳಗೆ ಸಹಿ ಜಡಿದು ಮೆರೆದವನು ಗಂಡ. ಗಂಟಲ ರೋಗದಿಂದ ಸಾಯುವ ಮುಂಚೆ ಮೈದುನ ತಾನೇ ಅರೆದ ಶಾಯಿಗೆ ದಿನವೂ ಮಂತ್ರ ಹೇಳಿ ಕಫ ಉಗುಳಿದ್ದನಂತೆ.

"ಇದನ್ನ ನೆಕ್ಕಿ ಯಾರ ಮುಖ ಬರೀತಾರೋ ಅವ್ರಿಗೆ ನನ್ನ ಬಾಯಿ ಬರ್ಲಿ ಅಂತ ಶಾಪ ಹಾಕ್ದ. ನಮ್ಮೆಜಮಾನ್ರು ಕನ್ನಡಿ ನೋಡ್ಕೊಂಡು ತಮ್ಮ ಮುಖಾನೇ ಬರ್ದ್ರು. ಮೂರೇ ದಿನ."

"ಉಗುಳಿಗೆ ಹೆದರಿದ್ರೆ ಹೋಟೆಲಲ್ಲಿ ಊಟಾನೇ ಮಾಡೋ ಹಾಗಿಲ್ಲ ಅಜ್ಜಿ!" ಎಂದು ಚಿತ್ರಗಾರ್ತಿ ನಕ್ಕಳು. ಇಂಥ ಜಾಣೆಯರಿಗೆ ಯಾರಿಂದ ಬುದ್ಧಿ ಹೇಳಲಾದೀತು?

ಮಧ್ಯಾಹ್ನ ಅವಳು ಮಗಳನ್ನು ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂರಿಸಿ, ಪೆನ್ಸಿಲಿನಲ್ಲಿ ತೆಳುವಾಗಿ ಮುಖ ಗುರುತು ಮಾಡಿಕೊಂಡಳು. ತನ್ನ ಶಾಯಿ ನೀರುನೀರಾಗಿತ್ತು. ಹಳೆಯ ಬಾಟಲಿಯ ಬಿರಟೆ ಕಿತ್ತಳು. ತಿಂಗಳುಗಟ್ಟಲೆ ತೊಳೆಯದ ಉಗುಳು ಬಟ್ಟಲಿನ ನಾತ ಮೂಗಿಗೆ ಬಡಿಯಿತು. ಆದರೆ ಎಂಥ ಕಪ್ಪು! ಬಿಡಲು ಮನಸ್ಸಾಗಲಿಲ್ಲ.

"ಪುಟ್ಟೀ, ಅಲ್ಲಾಡ್ಬೇಡ್ವೇ."

ಕೆನ್ನೆ, ಕಿವಿ, ಜಡೆ ಮುಗಿದವು. ತುಟಿಗೆ ಬರುವಾಗ ಕುಂಚದ ಕೂದಲು ಕವಲೊಡೆಯಿತು. ಹದಿನೈದು ವರ್ಷದ ಅಭ್ಯಾಸ, ಕೈ ತಾನಾಗಿಯೇ ಮೇಲೆದ್ದಿತು. ಕುಂಚವನ್ನು ತುಟಿಗಳ ನಡುವೆ ಹೊರಳಿಸಿ ಮೊನೆ ಮಾಡಿದಳು. ಮೊದಲು ಸಿಹಿ. ಆಮೇಲೆ ಬೆಚ್ಚನೆಯ ಲೋಳೆ, ಹಲ್ಲಿನ ಸಂದಿಯಲ್ಲಿ ಎಳೆಎಳೆಯಾಗಿ. "ಥೂ!" ಎಂದು ಕರವಸ್ತ್ರಕ್ಕೆ ಉಗಿದು, ಬಾಯಿಯ ಗೆರೆಯನ್ನೂ ಎಳೆದೇಬಿಟ್ಟಳು.

ಹತ್ತು ನಿಮಿಷದಲ್ಲಿ ಉಳಿದದ್ದೆಲ್ಲ ಒಣಗಿತು, ಬಾಯಿ ಮಾತ್ರ ಒಣಗಲಿಲ್ಲ. ಒಣಗಿದ ಕಡೆಯ ಪೆನ್ಸಿಲ್ ಗುರುತು ಅಳಿಸಿ, ಬೂದು ಬಣ್ಣದ ಮಾರ್ಕರಿನಿಂದ ತುಟಿಯ ಕೆಳಗೆ ನೆರಳು ಕೊಡಲು ಹೋದಳು. ಮಾರ್ಕರಿನ ಮೂತಿಗೆ ಏನೋ ಅಂಟಿಕೊಂಡು ದಾರದಂತೆ ಮೇಲೆದ್ದು ಬಂತು. ಹಾಳೆಯ ಮೇಲಿದ್ದದ್ದು ಮಗಳ ಬಾಯಲ್ಲ. ಜೋತುಬಿದ್ದ ಕೆಳತುಟಿ, ಅಂಚಿನಲ್ಲಿ ಹೆಪ್ಪುಗಟ್ಟಿದ ಜೊಲ್ಲು.

"ಅಮ್ಮಾ, ಗಂಟಲಲ್ಲಿ ಏನೋ ಇದೆ..."

ಮಗು ಕ್ಯಾಕರಿಸಿತು. ಎಂಬತ್ತು ವರ್ಷದ ಗಂಡಸಿನ ಕ್ಯಾಕರಿಕೆ. ಫ್ರಾಕಿನ ಮೇಲೆ ಕಪ್ಪು ಕಫ ಬಿತ್ತು. ಅದರ ಪುಟ್ಟ ಕೆಳತುಟಿ ಜೋತುಬೀಳುತ್ತಿತ್ತು.

"ಅಜ್ಜೀ!"

ಮುದುಕಿ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದು ಹೊಸ್ತಿಲಲ್ಲೇ ನಿಂತಳು. "ನೆಕ್ಕು. ಒಣಗೋಕೆ ಮುಂಚೆ ಆ ಬಾಯೆಲ್ಲ ನೆಕ್ಕಿ ತೆಗಿ. ನಮ್ಮೋರು ಅಸಹ್ಯಪಟ್ಕೊಂಡು ಒಣಗೋಕೆ ಬಿಟ್ರು. ಒಣಗಿದ್ರೆ ಮುಗೀತು."

ಚಿತ್ರಗಾರ್ತಿ ಹಾಳೆಗೆ ಬಾಗಿದಳು. ನಾತ. ಕಣ್ಣು ಮುಚ್ಚಿದಳು. ನಾಲಿಗೆ ಇಟ್ಟಳು. ಬೆಚ್ಚಗಿತ್ತು. ಗಂಟು ಗಂಟಾಗಿತ್ತು. ವಾಂತಿ ಗಂಟಲಿಗೆ ಬಂತು. ನುಂಗಿದಳು. ಮತ್ತೆ ನೆಕ್ಕಿದಳು. ಹಾಳೆಯ ತುಟಿ ಅವಳ ನಾಲಿಗೆಯನ್ನು ಚೀಪಿತು. ಬಿಡಲಿಲ್ಲ. ಎಳೆದಳು. ನೆಕ್ಕಿದಳು. ಬಿಳಿ ಹಾಳೆ ಕಂಡಿತು.

ಕೆಮ್ಮು ನಿಂತಿತ್ತು. ಮಗಳ ತುಟಿ ಮಗಳದೇ ಆಗಿತ್ತು. "ಪುಣ್ಯ ಕಣೇ ನಿಂದು," ಎಂದು ಮುದುಕಿ ಕಣ್ಣೊರೆಸಿಕೊಂಡು ಕೆಳಗಿಳಿದಳು. ಚಿತ್ರಗಾರ್ತಿ ಬಚ್ಚಲಿಗೆ ಓಡಿದಳು. ಕರುಳು ಕಿತ್ತು ಬರುವಂತೆ ಕಕ್ಕಿದಳು. ನಾಲಿಗೆಗೆ ಸೋಪು ಹಚ್ಚಿ ಉಜ್ಜಿದಳು. ಕಪ್ಪು ಹೋಗಲಿಲ್ಲ, ರುಚಿಯೂ ಹೋಗಲಿಲ್ಲ, ಮತ್ತೆ ಉಜ್ಜಿದಳು. ಅಸಹ್ಯಕ್ಕೆ ಹೊತ್ತಿನ ಪರಿವೆ ಎಲ್ಲಿ? ಸೋಪು ಅರ್ಧ ಸವೆದ ಮೇಲೆಯೇ ಹೊರಗೆ ಬಂದಳು.

ಮಗಳು ಮೇಜಿನ ಮುಂದೆ ಕುಳಿತಿದ್ದಳು. ಕೈಯಲ್ಲಿ ಕುಂಚ.

"ಅಮ್ಮಾ, ನನ್ನ ಬಾಯೇ ಅಳಿಸ್ಬಿಟ್ಟಿದ್ಯಲ್ಲ, ನಾನೇ ಬರ್ದೆ. ಆಗ್ಲೇ ಬರ್ದೆ."

ಕುಂಚದ ಮೊನೆ ಸೂಜಿಯಷ್ಟು ಚೂಪಾಗಿತ್ತು. ಅಮ್ಮ ದಿನವೂ ಮಾಡುವ ಹಾಗೆಯೇ.

"ಈ ಶಾಯಿ ಸಿಹಿ ಇದೆ ಅಲ್ವಾ?" ಎಂದ ಮಗು ಕ್ಯಾಕರಿಸತೊಡಗಿತು.

ಚಿತ್ರಗಾರ್ತಿ ಹಾರಿ ಬಂದು ಹಾಳೆಗೆ ನಾಲಿಗೆ ಒತ್ತಿದಳು. ನೆಕ್ಕಿದಳು. ಮತ್ತೆ ಮತ್ತೆ ನೆಕ್ಕಿದಳು. ಗೆರೆ ಒಣಗಿ ಹೋಗಿತ್ತು.